ಮುಚ್ಚಳಿಕೆ ಬರೆದುಕೊಟ್ಟ ಮೇಲೆ ಬಾಯಿ ಬಿಡಬಾರದಾ?

ಕೃಷ್ಣಾ ತೀರ (ಬಾಗಲಕೋಟೆ ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ಇದನ್ನು ಬರೆಯಬೇಕೋ ಬೇಡವೋ ಅಂತ ಮೂರು ವಾರ ಯೋಚಿಸಿದೆ. ಊರಿನ ಹೆಸರು, ಠಾಣೆಯ ಹೆಸರು ಹೇಳುವುದಿಲ್ಲ. ದಯವಿಟ್ಟು ಯಾರೂ ಊಹೆ ಮಾಡಿ ಕೂಡ ಹಾಕಬೇಡಿ.

ನಾನು ಬಸ್ ಸ್ಟ್ಯಾಂಡ್ ಹತ್ತಿರ ಝೆರಾಕ್ಸ್ ಅಂಗಡಿ ನಡೆಸುತ್ತೇನೆ. ತಮ್ಮನಿಗೆ 22 ವರ್ಷ, ಐಟಿಐ ಮುಗಿಸಿದ್ದಾನೆ. ನಮ್ಮ ಓಣಿಯ ನಳಕ್ಕೆ ಎಂಟು ದಿನಕ್ಕೊಮ್ಮೆ ನೀರು ಬರುತ್ತದೆ. ಮಳೆ ಶುರುವಾದ ಮೇಲೆ ಬಂದ ನೀರು ಕೆಂಪಗಿತ್ತು. ತಮ್ಮ ಕೊಡದಲ್ಲಿದ್ದ ನೀರಿನ ವಿಡಿಯೋ ಮಾಡಿದ. "ಇದನ್ನು ಬಿಡುವವರು ಮೊದಲು ತಾವೊಂದು ಗ್ಲಾಸ್ ಕುಡಿದು ತೋರಿಸಲಿ" ಅಂತ ಬರೆದು ಊರಿನ ವಾಟ್ಸಾಪ್ ಗ್ರೂಪಿಗೆ ಹಾಕಿದ. ಬೈಗುಳ ಇರಲಿಲ್ಲ. ಯಾರ ಹೆಸರೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಠಾಣೆಯಿಂದ ಫೋನ್ ಬಂತು. "ಸುಮ್ನೆ ಬಂದು ಹೋಗಪಾ, ಐದು ನಿಮಿಷದ ಕೆಲಸ ಐತಿ." 11 ಗಂಟೆಗೆ ಹೋದವನು ಹೊರಗೆ ಬಂದದ್ದು ನಾಲ್ಕೂವರೆಗೆ. ಮೊದಲು ಫೋನ್ ತೆಗೆಸಿಕೊಂಡು ಲಾಕ್ ಬಿಡಿಸಿದರು. ಫೋಟೋ ಎಲ್ಲ ನೋಡಿದರು. ನಮ್ಮ ಅಕ್ಕನ ಮಗಳ ಕುಬಸದ (ಸೀಮಂತದ) ಫೋಟೋಗಳನ್ನೂ ಒಂದೊಂದಾಗಿ ಸರಿಸಿ ನೋಡಿದರಂತೆ. ಗ್ರೂಪಿನ ಅಡ್ಮಿನ್ ಆಗಿದ್ದ ಕಿರಾಣಿ ಅಂಗಡಿ ಕಾಕಾನನ್ನೂ ಕರೆಸಿದರು. ಕೊನೆಗೆ ಬಿಳಿ ಹಾಳೆ ಕೊಟ್ಟು, ತಾವು ಹೇಳಿದ್ದನ್ನು ಬರೆಸಿಕೊಂಡರು. ಇನ್ನು ಮುಂದೆ ಇಂಥ ಪೋಸ್ಟ್ ಹಾಕುವುದಿಲ್ಲ, ಹಾಕಿದರೆ ಮುಂದಿನ ಕ್ರಮಕ್ಕೆ ನಾನೇ ಜವಾಬ್ದಾರ ಅಂತ. ಕೆಳಗೆ ಸಹಿ. ಪ್ರತಿ ಕೊಡಲಿಲ್ಲ.

ಹೊಡೆಯಲಿಲ್ಲ. ಚಹಾ ಕೂಡ ಕುಡಿಸಿದರು. ಅದಕ್ಕೇ ಮನೆಯಲ್ಲಿ ಎಲ್ಲರೂ "ಏನಾಯಿತೀಗ? ಎಲ್ಲ ಸುಸೂತ್ರ ಮುಗೀತಲ್ಲ" ಅನ್ನುತ್ತಾರೆ. ಆದರೆ ಏನೋ ಆಗಿದೆ. ಕಾಕಾ ಗ್ರೂಪಿನಲ್ಲಿ ಅಡ್ಮಿನ್ ಬಿಟ್ಟು ಬೇರೆ ಯಾರೂ ಬರೆಯದ ಹಾಗೆ ಮಾಡಿದ್ದಾನೆ. ಈಗ ಅಲ್ಲಿ ಬರುವುದು ಶುಭೋದಯದ ಹೂವಿನ ಚಿತ್ರ ಒಂದೇ. ತಮ್ಮ ನೀರು ತುಂಬುವಾಗ ಕೂಡ ತುಟಿ ಬಿಚ್ಚುವುದಿಲ್ಲ. ಮೊದಲು ಓಣಿಗೆಲ್ಲ ಅವನದೇ ಧ್ವನಿ ಕೇಳುತ್ತಿತ್ತು.

ನನ್ನ ಪ್ರಶ್ನೆ ಇಷ್ಟೇ. ಆ ಹಾಳೆಗೆ ಕಾನೂನಿನಲ್ಲಿ ಬೆಲೆ ಇದೆಯಾ? ಇದ್ದರೆ ಎಷ್ಟು ದಿನ? ಬದುಕಿರುವವರೆಗೂ ಅವನು ಸುಮ್ಮನಿರಬೇಕಾ?

ಕಬ್ಬಿನ ಗದ್ದೆ (ಮುಧೋಳ ಕಡೆ)

ತಂಗಿ, ನನ್ನ ಮಾತು ಕೇಳು, ಇದನ್ನು ಇಲ್ಲಿಗೇ ಬಿಡು. ಹುಡುಗನಿಗೆ ನೌಕರಿ ಸಿಗಬೇಕು. ನಾಳೆ ಪೊಲೀಸ್ ವೆರಿಫಿಕೇಶನ್ ಅಂತ ಬಂದಾಗ ಅದೇ ಠಾಣೆಯವರೇ ಬರೆಯಬೇಕು. ನಾನೂ ಎರಡು ಸಲ ಇಂಥ ಹಾಳೆಗೆ ಸಹಿ ಮಾಡಿದ್ದೇನೆ, ಕಬ್ಬಿನ ಬಾಕಿ ಕೇಳಲು ಹೋಗಿ. ನ್ಯಾಯ ನಮ್ಮ ಕಡೆಗೇ ಇತ್ತು. ಆದರೂ ಸಹಿ ಮಾಡಿದೆ. ಮನೆಯಲ್ಲಿ ಹೆಂಡತಿ ಮಕ್ಕಳು ಕಾಯುತ್ತಿದ್ದರು.

ಕುಂದಾನಗರಿ ವಕೀಲ (ಬೆಳಗಾವಿ)

ಅಕ್ಕಾ, ನೀವು ಬರೆದದ್ದು ಒಳ್ಳೆಯದಾಯಿತು. ವಾರಕ್ಕೆ ಒಬ್ಬರಾದರೂ ಇದೇ ಕಥೆ ಹೇಳಿಕೊಂಡು ನಮ್ಮ ಚೇಂಬರಿಗೆ ಬರುತ್ತಾರೆ. ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ಮೊದಲು ಆ ಫೋನ್ ಕಾಲ್. ಫೋನ್ ಮಾಡಿ "ಬಾ" ಅಂದರೆ ಅದು ನೋಟಿಸ್ ಅಲ್ಲ. ಆರೋಪಿ ಅಂತ ಕರೆಯುವುದಾದರೆ, ತನಿಖೆ, ಬಂಧನದ ಕ್ರಮ ಹೇಳುವ ಹೊಸ ಕಾನೂನಾದ ಬಿಎನ್‌ಎಸ್‌ಎಸ್ 35(3)ರ ಕೆಳಗೆ ಬರಹದಲ್ಲಿ ನೋಟಿಸ್ ಕೊಡಬೇಕು. ಸಾಕ್ಷಿ ಅಂತ ಕರೆಯುವುದಾದರೆ 179ರ ಕೆಳಗೆ, ಅದೂ ಬರಹದಲ್ಲೇ. 35ರ ನೋಟಿಸನ್ನು ವಾಟ್ಸಾಪ್‌ನಲ್ಲಿ ಕಳಿಸಿದರೂ ನಡೆಯುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿದೆ. ಇನ್ನೊಂದು ಮಾತು, ಇದು ಎಲ್ಲ ಮನೆಯವರಿಗೂ ಗೊತ್ತಿರಬೇಕು: ಹೆಂಗಸರನ್ನು, 60 ದಾಟಿದವರನ್ನು, 15 ತುಂಬದ ಹುಡುಗರನ್ನು ಸಾಕ್ಷಿ ಕೇಳಲು ಠಾಣೆಗೆ ಕರೆಸುವ ಹಾಗಿಲ್ಲ. ಪೊಲೀಸರೇ ಮನೆಗೆ ಬರಬೇಕು. ನಿಮ್ಮ ಕಾಕಾಗೆ 60 ಆಗಿದ್ದರೆ ಅವರಿಗೂ ಇದು ಅನ್ವಯಿಸುತ್ತದೆ.

ಎರಡನೆಯದು ಫೋನ್. ನಮ್ಮ ಹೈಕೋರ್ಟ್ 2021ರ ಮಾರ್ಚ್‌ನಲ್ಲಿ ವೀರೇಂದ್ರ ಖನ್ನಾ ಪ್ರಕರಣದಲ್ಲಿ ಇದರ ಬಗ್ಗೆ ವಿವರವಾಗಿ ಬರೆದಿದೆ. ಫೋನಿನ ಒಳಗೆ ಹುಡುಕಲು ಸಾಮಾನ್ಯವಾಗಿ ಸರ್ಚ್ ವಾರಂಟ್ ಬೇಕು. ತುರ್ತು ಇದ್ದರೆ ಕಾರಣ ಬರೆದಿಡಬೇಕು. ನೀರಿನ ವಿಡಿಯೋಗೂ ಕುಬಸದ ಫೋಟೋಗೂ ಏನು ಸಂಬಂಧ, ಹೇಳಿ?

ಈಗ ಮುಚ್ಚಳಿಕೆ. ಇಲ್ಲೇ ಎಲ್ಲರೂ ಮೋಸ ಹೋಗುವುದು. ಕಾನೂನಿನಲ್ಲಿ ಮುಚ್ಚಳಿಕೆ ಇದೆ. ಬಿಎನ್‌ಎಸ್‌ಎಸ್ 126ರಿಂದ 129ರವರೆಗೆ ನೋಡಿ, ಹಳೆಯ ಸಿಆರ್‌ಪಿಸಿಯ 107ರಿಂದ 110. ಆದರೆ ಅದನ್ನು ಕೇಳುವ ಅಧಿಕಾರ ಇರುವುದು ಎಕ್ಸಿಕ್ಯೂಟಿವ್ ಮ್ಯಾಜಿಸ್ಟ್ರೇಟರಿಗೆ. ತಾಲೂಕಿನಲ್ಲಿ ಅಂದರೆ ತಹಶೀಲ್ದಾರ್. ಬೆಳಗಾವಿ ನಗರದಲ್ಲಿ ಕಮಿಷನರೇಟ್ ಇದೆ, ಇಲ್ಲಿ ಆ ಅಧಿಕಾರ ಕಮಿಷನರ್ ಕಡೆ ಇರುತ್ತದೆ. ಅವರೂ ಸುಮ್ನೆ ಕೇಳುವಂತಿಲ್ಲ. ಯಾಕೆ ಕೇಳುತ್ತಿದ್ದೇವೆ, ಎಷ್ಟು ಮೊತ್ತ, ಎಷ್ಟು ಕಾಲ ಅಂತ ಬರೆದು ಆದೇಶ ಕೊಡಬೇಕು. ನಿಮ್ಮ ಮಾತು ಕೇಳಬೇಕು. ವಿಚಾರಣೆ ಮಾಡಬೇಕು. ಠಾಣೆಯ ಬೆಂಚಿನ ಮೇಲೆ ಬಿಳಿ ಹಾಳೆಯಲ್ಲಿ ಬರೆಸಿಕೊಂಡದ್ದು ಇದ್ಯಾವುದೂ ಅಲ್ಲ. ಅದರ ಬಲದಿಂದ ನಿಮ್ಮ ತಮ್ಮನ ಮಾತನ್ನು ಒಂದು ದಿನವೂ ತಡೆಯಲು ಬರುವುದಿಲ್ಲ.

ನಮ್ಮ ಬೆಳಗಾವಿಗೂ ಈ ಮುಚ್ಚಳಿಕೆಗೂ ಹಳೆಯ ನಂಟು. 1916ರ ಏಪ್ರಿಲ್ ಕೊನೆಗೆ ಟಿಳಕರು ಹೋಂ ರೂಲ್ ಲೀಗ್ ಕಟ್ಟಿದ್ದು ಇಲ್ಲಿಯೇ. ಮೇ 1ರಂದು ಇಲ್ಲಿ ಒಂದು ಭಾಷಣ ಮಾಡಿದರು. ಆಮೇಲೆ ಅಹಮದ್‌ನಗರದಲ್ಲಿ ಎರಡು. ಈ ಮೂರು ಭಾಷಣ ಹಿಡಿದುಕೊಂಡು ಬ್ರಿಟಿಷ್ ಸರ್ಕಾರ ಅವರಿಂದ ಒಳ್ಳೆಯ ನಡತೆಯ ಮುಚ್ಚಳಿಕೆ ಕೇಳಿತು. ಒಂದು ವರ್ಷಕ್ಕೆ ₹20,000 ಸ್ವಂತದ್ದು, ಜೊತೆಗೆ ತಲಾ ₹10,000ದ ಇಬ್ಬರು ಜಾಮೀನುದಾರರು. ಆ ಕಾಲದ ಇಪ್ಪತ್ತು ಸಾವಿರ! ಜೈಲಿಗೆ ಹಾಕಿದರೆ ಜನ ಏಳುತ್ತಾರೆ. ಮುಚ್ಚಳಿಕೆ ಬರೆಸಿಕೊಂಡರೆ ಮನುಷ್ಯ ತನ್ನ ಬಾಯಿಯನ್ನು ತಾನೇ ಮುಚ್ಚಿಕೊಳ್ಳುತ್ತಾನೆ. ಲೆಕ್ಕ ಹಾಗಿತ್ತು. ಟಿಳಕರು ಬಾಂಬೆ ಹೈಕೋರ್ಟಿಗೆ ಹೋದರು. ಅವರ ಪರವಾಗಿ ವಾದಿಸಿದವರು ಜಿನ್ನಾ. ನವೆಂಬರ್‌ನಲ್ಲಿ ಹೈಕೋರ್ಟ್ ಆ ಆದೇಶವನ್ನೇ ರದ್ದು ಮಾಡಿತು. ಭಾಷಣವನ್ನು ಇಡಿಯಾಗಿ ಓದಬೇಕು, ನಡುವಿನ ಒಂದು ಸಾಲು ಕಿತ್ತುಕೊಂಡು ತೀರ್ಮಾನ ಮಾಡಬಾರದು ಅನ್ನುವುದು ಅಲ್ಲಿ ನಡೆದ ವಾದದ ಮುಖ್ಯ ಮಾತಾಗಿತ್ತು.

ಆಗ ಟಿಳಕರ ಮೇಲೆ ಹಾಕಿದ ಕಲಂ 108. ಇವತ್ತು ಅದೇ ಬಿಎನ್‌ಎಸ್‌ಎಸ್ 127 ಆಗಿ ಪುಸ್ತಕದಲ್ಲಿ ಉಳಿದಿದೆ. ಆದರೆ ಅಂದಿನ ಸರ್ಕಾರ ಕೂಡ ಬರಹದಲ್ಲಿ ಆದೇಶ ಮಾಡಿತ್ತು. ಅದಕ್ಕೇ ಮೇಲ್ಮನವಿ ಸಾಧ್ಯವಾಯಿತು. ನಿಮ್ಮ ತಮ್ಮನ ಕೈಯಲ್ಲಿ ಪ್ರಶ್ನೆ ಮಾಡಲು ಒಂದು ಚೀಟಿಯೂ ಇಲ್ಲ. ನನಗೆ ಸಿಟ್ಟು ಬರುವುದು ಅದಕ್ಕೆ.

ಗುಮ್ಮಟನಗರಿ (ವಿಜಯಪುರ)

ವಕೀಲರೇ, ನಿಮ್ಮ ಮಾತು ಓದಿದೆ. ತಪ್ಪು ಅನ್ನುವುದಿಲ್ಲ. ಆದರೆ ನನ್ನ ಅನುಭವ ಬೇರೆ, ಅದನ್ನೂ ಕೇಳಿ.

2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ಆಡಿಯೋ ಎಲ್ಲ ಫೋನಿಗೂ ಬಂದಿತ್ತು, ನೆನಪಿದೆಯಾ? ನನ್ನ ಸೋದರಮಾವ ಊರೂರು ತಿರುಗಿ ಚಾದರ ಮಾರುತ್ತಿದ್ದರು. ಒಂದು ಹಳ್ಳಿಯಲ್ಲಿ ಅವರನ್ನು ಕಂಬಕ್ಕೆ ಕಟ್ಟಿದರು. ಗುರುತಿನವರೊಬ್ಬರು ಬಂದದ್ದಕ್ಕೆ ಬದುಕಿದರು. ಅದೇ ಜುಲೈನಲ್ಲಿ ಬೀದರ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನಿಂದ ಬಂದಿದ್ದ ಒಬ್ಬ ಯುವಕನನ್ನು ಇದೇ ಸುಳ್ಳಿಗೆ ಜನ ಕೊಂದುಬಿಟ್ಟರು. ಆಮೇಲೆ ವಾಟ್ಸಾಪ್‌ನವರು ನಮ್ಮ ದೇಶದಲ್ಲಿ ಒಂದು ಸಲಕ್ಕೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಅಂತ ಮಿತಿ ಹಾಕಿದರು. ಮಾವ ಚಾದರದ ಗಂಟು ಮತ್ತೆ ಹೆಗಲಿಗೆ ಹಾಕಲಿಲ್ಲ.

ಆ ಆಡಿಯೋ ಕಳಿಸಿದವರನ್ನು ಮೊದಲ ದಿನವೇ ಠಾಣೆಗೆ ಕರೆದು ಕೂರಿಸಿದ್ದರೆ ಚೆನ್ನಾಗಿತ್ತು ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ. ನೀರಿನ ವಿಡಿಯೋ ಒಳ್ಳೆಯದು ಅಂತ ನಮಗೆ ಗೊತ್ತು. ಪೊಲೀಸರಿಗೆ ಹೇಗೆ ಗೊತ್ತಾಗಬೇಕು?

ಕುಂದಾನಗರಿ ವಕೀಲ

ನಿಮ್ಮ ಮಾವನ ವಿಷಯ ಓದಿ ಬೇಜಾರಾಯಿತು ಅಣ್ಣಾ. ನಿಮ್ಮ ಪ್ರಶ್ನೆಗೆ ಉತ್ತರ ಕೊಡಲೇಬೇಕು.

ಮಾತಿಗೆ ಮಿತಿ ಇಲ್ಲ ಅಂತ ಸಂವಿಧಾನ ಎಲ್ಲೂ ಹೇಳಿಲ್ಲ. 19(1)(ಎ) ಹಕ್ಕು ಕೊಡುತ್ತದೆ, 19(2) ಮಿತಿ ಹೇಳುತ್ತದೆ. 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆನ್‌ಲೈನ್‌ನಲ್ಲಿ ಬರೆದದ್ದಕ್ಕೆ ಹಿಡಿಯಲು ಬಳಸುತ್ತಿದ್ದ ಐಟಿ ಕಾಯ್ದೆಯ 66ಎ ಕಲಂ ತೆಗೆದುಹಾಕಿತು. ಆ ಕಥೆ ಶುರುವಾದದ್ದು 2012ರಲ್ಲಿ, ಪಾಲ್ಘರ್‌ನಲ್ಲಿ. ಮುಂಬೈ ಬಂದ್ ಆದದ್ದನ್ನು ಪ್ರಶ್ನೆ ಮಾಡಿ ಒಬ್ಬ ಹುಡುಗಿ ಫೇಸ್‌ಬುಕ್‌ನಲ್ಲಿ ಬರೆದಳು. ಇನ್ನೊಬ್ಬಳು ಲೈಕ್ ಮಾಡಿದಳು. ಇಬ್ಬರನ್ನೂ ಹಿಡಿದರು. ಕೋರ್ಟ್ ಮೂರು ಹಂತ ಹೇಳಿತು. ಒಂದು ವಿಷಯದ ಚರ್ಚೆ. ಅದರ ಪರವಾಗಿ ವಾದ. ಮೂರನೆಯದು ಜನರನ್ನು ಕೆರಳಿಸಿ ಕೃತ್ಯಕ್ಕೆ ಇಳಿಸುವುದು. ಮೊದಲ ಎರಡನ್ನು ಮುಟ್ಟುವ ಹಾಗಿಲ್ಲ, ಎಷ್ಟೇ ಕಹಿ ಆಗಿರಲಿ. ಮೂರನೆಯದಕ್ಕೆ ಬಂದಾಗ ಮಾತ್ರ ಸರ್ಕಾರ ಕೈ ಹಾಕಬಹುದು.

"ಕಳ್ಳರು ಬಂದಿದ್ದಾರೆ, ಕಂಡರೆ ಬಿಡಬೇಡಿ" ಅನ್ನುವುದು ಮೂರನೆಯದು. ಅದಕ್ಕೆ ಎಫ್‌ಐಆರ್ ಹಾಕಲಿ, ಹಿಡಿಯಲಿ. ಕಾನೂನು ಇದೆ. ನೀರು ಕೆಂಪಗಿದೆ ಅನ್ನುವುದು ಮೊದಲನೆಯದು. ಇದನ್ನು ಬೇರೆ ಮಾಡಲು ಪೊಲೀಸರಿಗೆ ದಾರಿಯೂ ಇದೆ. ಮೂರು ವರ್ಷದಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧ ಆದರೆ, ಡಿವೈಎಸ್ಪಿ ಅನುಮತಿ ಪಡೆದು 14 ದಿನದಲ್ಲಿ ಪ್ರಾಥಮಿಕ ವಿಚಾರಣೆ ಮಾಡಬಹುದು. ಅದು ಬಿಎನ್‌ಎಸ್‌ಎಸ್ 173(3). ಮಾತು, ಬರಹದ ಪ್ರಕರಣಗಳಲ್ಲಿ ಇದನ್ನು ಬಳಸಿ ಅಂತ ಸುಪ್ರೀಂ ಕೋರ್ಟ್ 2025ರ ಮಾರ್ಚ್ 28ರಂದು ಇಮ್ರಾನ್ ಪ್ರತಾಪ್‌ಗಢಿ ಪ್ರಕರಣದಲ್ಲಿ ಹೇಳಿತು. ಗಟ್ಟಿ ಮನಸ್ಸಿನ, ತಿಳಿವಳಿಕೆಯ ಮನುಷ್ಯನ ಕಿವಿಯಿಂದ ಆ ಮಾತು ಕೇಳಿ, ಎಲ್ಲದಕ್ಕೂ ಹೆದರುವವನ ಕಿವಿಯಿಂದ ಅಲ್ಲ ಅನ್ನುವುದು ಅದರ ತಾತ್ಪರ್ಯ.

ಇನ್ನು ಕಿರಾಣಿ ಕಾಕಾ. ಬೇರೆಯವರು ಹಾಕಿದ ಪೋಸ್ಟಿಗೆ ಅಡ್ಮಿನ್ ಹೊಣೆ ಅಲ್ಲ ಅಂತ 2021ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ ಹೇಳಿದೆ, 2022ರಲ್ಲಿ ಕೇರಳ ಹೈಕೋರ್ಟ್ ಹೇಳಿದೆ. ಅಡ್ಮಿನ್ ತಾನೇ ಅದರಲ್ಲಿ ಸೇರಿಕೊಂಡಿದ್ದರೆ ಬೇರೆ ಮಾತು. ಕಾಕಾಗೆ ಇದನ್ನು ಓದಿ ಹೇಳಿ, ಪಾಪ.

ಗುಮ್ಮಟನಗರಿ

ಮೂರು ಹಂತದ ಮಾತು ಒಪ್ಪಿದೆ. ಪೂರ್ತಿ ಸಮಾಧಾನ ಆಗಿಲ್ಲ. ಕೆರಳಿಸುವವರು ಯಾವತ್ತೂ "ಹೊಡೆಯಿರಿ" ಅಂತ ನೇರವಾಗಿ ಹೇಳುವುದಿಲ್ಲ. ನಗುತ್ತಾ ಹೇಳುತ್ತಾರೆ, ಹಾಡಿನಲ್ಲಿ ಹೇಳುತ್ತಾರೆ, ಡಿಜೆ ಹಚ್ಚಿ ಮಸೀದಿ ಮುಂದೆಯೋ ಗುಡಿ ಮುಂದೆಯೋ ಹೇಳುತ್ತಾರೆ. 2025ರ ಡಿಸೆಂಬರ್‌ನಲ್ಲಿ ಬೆಳಗಾವಿಯ ಸುವರ್ಣಸೌಧದಲ್ಲಿ ದ್ವೇಷ ಭಾಷಣ ತಡೆಯುವ ಮಸೂದೆ ಬಂದಾಗ ನಾನು ಖುಷಿಪಟ್ಟೆ. ನನ್ನಂಥವರಿಗೆ ಅದು ಬೇಕು ಅನ್ನಿಸಿತು.

ಕೃಷ್ಣಾ ತೀರ

ಗುಮ್ಮಟನಗರಿ ಅಣ್ಣಾ, ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಆದರೆ ಆ ಮಸೂದೆ ಸುದ್ದಿ ಓದಿದಾಗ ನನಗೆ ಮೊದಲು ನೆನಪಾದದ್ದು ಆ ಬೆಂಚು. ಕಾನೂನು ಬೆಳಗಾವಿಯಲ್ಲಿ ಬರೆಯುತ್ತಾರೆ. ಅದರ ಅರ್ಥ ಏನು ಅಂತ ನಿರ್ಧಾರ ಆಗುವುದು ನಮ್ಮೂರ ಠಾಣೆಯ ಬೆಂಚಿನ ಮೇಲೆ. ಅಲ್ಲಿ ನಿಮ್ಮ ಮಾವನ ಮೇಲೆ ಸುಳ್ಳು ಹಬ್ಬಿಸಿದವನೂ ನನ್ನ ತಮ್ಮನೂ ಒಂದೇ ಸಾಲಿನಲ್ಲಿ ಕೂತಿರುತ್ತಾರೆ. ಅಲ್ವಾ?

ಗುಮ್ಮಟನಗರಿ

ಅದು ನಿಜ. ಇಬ್ಬರಲ್ಲಿ ಮೊದಲು ಮನೆಗೆ ಹೋಗುವವನು ಯಾರು ಅನ್ನುವುದೂ ನನಗೆ ಗೊತ್ತು. ಪರಿಚಯ ಇದ್ದವನು.

ಸಾಲಿ ಮಾಸ್ತರ (ಸಿಂದಗಿ)

ನಾನು 34 ವರ್ಷ ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತನಾದೆ. ಸೇವೆಯಲ್ಲಿದ್ದಾಗ ಬಿಸಿಯೂಟದ ಬೇಳೆಯ ಬಗ್ಗೆ ಕೂಡ ಬಹಿರಂಗವಾಗಿ ಬರೆಯಲಿಲ್ಲ. ಸರ್ಕಾರಿ ನೌಕರರ ನಡತೆ ನಿಯಮ ಇದೆ, 2021ರಲ್ಲಿ ಹೊಸದು ಬಂತು. ಸರ್ಕಾರವನ್ನು ಟೀಕಿಸುವ ಹಾಗಿಲ್ಲ. ಅದನ್ನು ಪಾಲಿಸಿದೆ. ತಪ್ಪು ಮಾಡಿದೆ ಅಂತ ಈಗ ಅನ್ನಿಸುತ್ತದೆ. ಹೇಳಲು ದಾರಿಗಳಿದ್ದವು, ಹುಡುಕಲಿಲ್ಲ.

ಮುಚ್ಚಳಿಕೆ ಬರೆಸಿಕೊಳ್ಳುವವರು ಪೊಲೀಸರೇ ಆಗಬೇಕಾಗಿಲ್ಲ ಅನ್ನುವುದಕ್ಕೆ ನಮ್ಮ ತಾಲೂಕಿನವರ ವಿಷಯ ಹೇಳುತ್ತೇನೆ. ಎಂ.ಎಂ. ಕಲಬುರ್ಗಿಯವರು ಸಿಂದಗಿ ತಾಲೂಕಿನ ಹಳ್ಳಿಯಲ್ಲಿ ಹುಟ್ಟಿದವರು. ಶರಣರ ಬಗ್ಗೆ ಅವರು ಬರೆದ ಸಂಶೋಧನೆಗೆ ತಮ್ಮ ಸಮಾಜದೊಳಗಿನಿಂದಲೇ ವಿರೋಧ ಬಂತು. 1989ರಲ್ಲಿ ಒತ್ತಡಕ್ಕೆ ಸಿಕ್ಕಿ ತಮ್ಮ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಆ ನೋವು ಅವರನ್ನು ಬಿಡಲಿಲ್ಲ. ಆದರೂ ಬರೆಯುವುದು ನಿಲ್ಲಿಸಲಿಲ್ಲ. 2015ರ ಆಗಸ್ಟ್ 30ರಂದು ಧಾರವಾಡದ ಮನೆ ಬಾಗಿಲಿಗೆ ಬಂದು ಗುಂಡು ಹಾರಿಸಿದರು. ಅಂದು ಭಾನುವಾರ. ಸುದ್ದಿ ಬಂದಾಗ ನಾನು ಹಿತ್ತಲಲ್ಲಿ ಕೂತು ಅತ್ತೆ. ನನ್ನ ಹೆಂಡತಿ ಹೇಳಿದ ಮೊದಲ ಮಾತು, "ನೀವು ಏನೂ ಬರೀಬ್ಯಾಡ್ರಿ." ಒಂದು ಗುಂಡಿನಿಂದ ಎಷ್ಟು ಮನೆಗಳಲ್ಲಿ ಈ ಮಾತು ಬಂದಿರಬಹುದು, ಯೋಚಿಸಿ.

ಅದೇ ನೆಲದಲ್ಲಿ ಬಾಗೇವಾಡಿ ಇದೆ, ಕೂಡಲಸಂಗಮ ಇದೆ. ಸಮಗಾರ, ಅಂಬಿಗ, ಮಡಿವಾಳ ಎಲ್ಲರೂ ಒಂದೇ ಜಾಗದಲ್ಲಿ ಕೂತು ಎದುರೆದುರು ವಾದ ಮಾಡಿದರು ಅಂತ ಹೇಳಿಕೊಂಡು ಹೆಮ್ಮೆ ಪಡುವ ಜನ ನಾವು. ಹಲಗಲಿಯ ಬೇಡರು 1857ರಲ್ಲಿ ಹತಾರ ಒಪ್ಪಿಸದೆ ಹೋರಾಡಿದ್ದು ನಮಗೆ ತಿಳಿದದ್ದು ಲಾವಣಿಯಿಂದ. ಸರ್ಕಾರದ ಕಾಗದದಲ್ಲಿ ಅವರು ದಂಗೆಕೋರರು. ಲಾವಣಿಕಾರ ಊರೂರಲ್ಲಿ ಹಾಡಿ ಅವರನ್ನು ಬಂಟರು ಅಂದ. ಫ್ಲೀಟ್ ಅನ್ನುವ ಬ್ರಿಟಿಷ್ ಅಧಿಕಾರಿಯೇ ಆ ಹಾಡನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ. ಕೃಷ್ಣಾ ತೀರದ ತಂಗಿ, ನಿನ್ನ ತಮ್ಮನ ವಿಡಿಯೋ ನನಗೆ ಆ ಲಾವಣಿಯ ಮೊಮ್ಮಗು ಅನ್ನಿಸಿತು. ಊರಿನ ಸಂಕಟವನ್ನು ಊರಿಗೇ ಹೇಳುವುದು.

ಶಹಾಪುರದವ (ಬೆಳಗಾವಿ)

ನನ್ನ ಮನೆಮಾತು ಮರಾಠಿ. ಏಳನೆಯವರೆಗೆ ಮರಾಠಿ ಶಾಲೆ. ಕನ್ನಡ ಕಲಿತದ್ದು ಸೀರೆ ಅಂಗಡಿಯ ಗಲ್ಲೆಯಲ್ಲಿ ಕೂತು. ತಪ್ಪಿದ್ದರೆ ತಿದ್ದಿ.

ಕರ್ನಾಟಕ-ಮಹಾರಾಷ್ಟ್ರ ಗಡಿ ವಿಷಯ ಬಂದಾಗ ನಾನು ಏನು ಯೋಚಿಸುತ್ತೇನೆ ಅನ್ನುವುದನ್ನು ಇಲ್ಲೂ ಬರೆಯುವುದಿಲ್ಲ. ಯಾಕೆ ಅಂದರೆ ಎರಡೂ ಕಡೆಯವರಿಗೆ ಅರ್ಧರ್ಧ ಸಿಟ್ಟು ಬರುತ್ತದೆ. ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು. 2004ರಿಂದ ಸುಪ್ರೀಂ ಕೋರ್ಟಿನಲ್ಲಿ ದಾವೆ ಇದೆ. ದೆಹಲಿಯಲ್ಲಿ ಎರಡೂ ರಾಜ್ಯದ ವಕೀಲರು ಎದುರೆದುರು ನಿಂತು ಹೇಳುವ ಮಾತನ್ನು ನಾನು ಖಡೇಬಜಾರಿನ ಚಹಾ ಅಂಗಡಿಯಲ್ಲಿ ಹೇಳಲಾರೆ. ನವೆಂಬರ್ 1ರ ಹಿಂದೆ ಮುಂದೆ ಸ್ಟೇಟಸ್ ಹಾಕುವುದನ್ನೇ ಬಿಟ್ಟಿದ್ದೇನೆ. ಕನ್ನಡದವರಿಗೆ ಮಾತ್ರ ಹೆದರುತ್ತೇನೆ ಅಂತ ತಿಳಿಯಬೇಡಿ. "ಮಕ್ಕಳನ್ನು ಕನ್ನಡ ಶಾಲೆಗೆ ಹಾಕಿದರೆ ಒಳ್ಳೆಯದು" ಅಂದದ್ದಕ್ಕೆ ನನ್ನ ಚುಲತ ಭಾವು (ಚಿಕ್ಕಪ್ಪನ ಮಗ) ಎರಡು ವರ್ಷ ಮಾತು ಬಿಟ್ಟಿದ್ದ.

ನೀರಿನ ವಿಡಿಯೋಗೆ ಎಲ್ಲರೂ ಬೆಂಬಲ ಕೊಡುತ್ತೀರಿ. ಅದು ಸುಲಭ, ಕೆಂಪು ನೀರನ್ನು ಯಾರೂ ಒಳ್ಳೆಯದು ಅನ್ನುವುದಿಲ್ಲ. ನಿಮಗೆ ಹಿಡಿಸದ ಮಾತನ್ನು ಶಾಂತವಾಗಿ ಹೇಳಿದವನ ಜೊತೆ ನಿಲ್ಲುತ್ತೀರಾ? ಇದನ್ನು ಮನಸ್ಸು ಬಿಚ್ಚಿ ಕೇಳುತ್ತಿದ್ದೇನೆ.

ಕಬ್ಬಿನ ಗದ್ದೆ

ಶಹಾಪುರದ ಅಣ್ಣಾ, ನಿಮ್ಮ ಕನ್ನಡ ನನ್ನ ಕನ್ನಡಕ್ಕಿಂತ ಚೆನ್ನಾಗಿದೆ. ಗಡಿ ವಿಷಯದಲ್ಲಿ ನಿಮ್ಮದು ನನ್ನ ವಿರುದ್ಧದ ಮಾತೇ ಇರಬಹುದು. ಇದ್ದರೂ ಹೇಳಿ. ನಾನು ಜಗಳ ಮಾಡುತ್ತೇನೆ, ಆದರೆ ನಿಮ್ಮನ್ನು ಯಾರಾದರೂ ಮುಟ್ಟಲು ಬಂದರೆ ನಡುವೆ ನಿಲ್ಲುತ್ತೇನೆ. ಇದನ್ನು ಇಲ್ಲಿ ಎಲ್ಲರ ಮುಂದೆ ಬರೆದಿದ್ದೇನೆ.

ಮೊದಲು "ಬಿಟ್ಟುಬಿಡು" ಅಂತ ಬರೆದಿದ್ದೆ. ಅದನ್ನು ಅರ್ಧ ವಾಪಸ್ ತೆಗೆದುಕೊಳ್ಳುತ್ತೇನೆ. 2025ರ ನವೆಂಬರ್‌ನಲ್ಲಿ ಗುರ್ಲಾಪುರ ಕ್ರಾಸಿನಲ್ಲಿ ಟನ್ ಕಬ್ಬಿಗೆ ₹3,500 ಕೇಳಿ ರೈತರು ರಸ್ತೆಯಲ್ಲಿ ಕೂತರಲ್ಲ, ನಾನೂ ಹೋಗಿದ್ದೆ. ಸರ್ಕಾರ ₹3,300ಕ್ಕೆ ಬಂತು. ಅಷ್ಟು ಜನ ಸೇರಿದ್ದು ಫೋನಿನ ವಿಡಿಯೋ ನೋಡಿ. ಒಬ್ಬೊಬ್ಬರನ್ನೇ ಕರೆದು ಹಾಳೆ ಬರೆಸಿಕೊಂಡಿದ್ದರೆ ಆ ಜಾಗ ಖಾಲಿ ಇರುತ್ತಿತ್ತು. ಎರಡು ಸಲ ಸಹಿ ಮಾಡಿದ ನನಗೆ ಅದು ಅವತ್ತು ಅಲ್ಲಿ ಕೂತಾಗ ಹೊಳೆಯಿತು. ಗುಂಪಿನಲ್ಲಿ ಇದ್ದಾಗ ನನಗೆ ಹೆದರಿಕೆಯೇ ಇರಲಿಲ್ಲ.

ಖಣದ ಕುಪ್ಪಸ (ಗುಳೇದಗುಡ್ಡ)

ಇಷ್ಟು ಹೊತ್ತು ಓದುತ್ತಿದ್ದೆ. ಬಹುತೇಕ ಗಂಡಸರೇ ಮಾತಾಡುತ್ತಿದ್ದೀರಿ, ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮ ಬಾಯಿ ಮುಚ್ಚಿಸಲು ಠಾಣೆ ಬೇಕಾಗಿಲ್ಲ. ಮಗ್ಗದ ಕೂಲಿ ಕಡಿಮೆ ಅಂತ ನಾನು ಒಂದು ವಿಡಿಯೋ ಹಾಕಿದೆ. ಎರಡು ದಿನದಲ್ಲಿ ಕೆಳಗೆ ಬಂದ ಕಮೆಂಟುಗಳನ್ನು ನನ್ನ ಮಗ ಓದಿದ. ಅವನು ಎಂಟನೆಯ ತರಗತಿ. "ಅವ್ವಾ, ಅದನ್ನ ತೆಗಿ" ಅಂದ. ತೆಗೆದೆ. ಕೂಲಿಯ ಬಗ್ಗೆ ಒಬ್ಬರೂ ಮಾತಾಡಿರಲಿಲ್ಲ. ನನ್ನ ಸೆರಗಿನ ಬಗ್ಗೆ, ನನ್ನ ಗಂಡ ಎಲ್ಲಿದ್ದಾನೆ ಅನ್ನುವ ಬಗ್ಗೆ ಮಾತಾಡಿದ್ದರು. ದೂರು ಕೊಡಲು ಹೋದಾಗ "ವಿಡಿಯೋ ಹಾಕಬಾರದಿತ್ತು" ಅಂದರು. ಒಂದೇ ಠಾಣೆ ಅಲ್ಲದಿರಬಹುದು, ಆದರೆ ನೋಡಿ, ನೀರಿನ ವಿಡಿಯೋ ಹಾಕಿದವನಿಗೆ ಐದೂವರೆ ತಾಸು. ನನಗೆ ಹೊಲಸು ಬರೆದವರಿಗೆ ಒಂದು ಫೋನ್ ಕಾಲೂ ಇಲ್ಲ.

ಮಾತಿನ ಹಕ್ಕು ಅಂದಾಗ ಹೊಲಸು ಬರೆದವರೂ ಅದೇ ಹಕ್ಕು ತೋರಿಸುತ್ತಾರೆ. ನನ್ನ ಹಕ್ಕು ಅವರ ಹಕ್ಕಿನ ಕೆಳಗೆ ಸಿಕ್ಕಿಕೊಂಡಿದೆ. ವಕೀಲರು ಇದಕ್ಕೂ ಕಲಂ ಹೇಳಬಹುದು. ಕಲಂ ಗೊತ್ತು ನನಗೆ. ಕೇಳುವ ಕಿವಿ ಬೇಕು.

ಕುಂದಾನಗರಿ ವಕೀಲ

ಕಲಂ ಹೇಳುವುದಿಲ್ಲ ಅಕ್ಕಾ. ಒಂದು ಕೆಲಸದ ಮಾತು ಮಾತ್ರ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ. 15100ಕ್ಕೆ ಫೋನ್ ಮಾಡಿ, ಅಥವಾ ತಾಲೂಕು ಕೋರ್ಟಿನಲ್ಲೇ ಕಾನೂನು ಸೇವಾ ಸಮಿತಿ ಇದೆ. ಕಮೆಂಟುಗಳ ಸ್ಕ್ರೀನ್‌ಶಾಟ್ ಉಳಿದಿದ್ದರೆ ಅಳಿಸಬೇಡಿ. ದೂರನ್ನು ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಎಸ್ಪಿಗೆ ಅಂಚೆಯಲ್ಲಿ ಕಳಿಸಬಹುದು, ಅದಕ್ಕೆ ರಸೀದಿ ಇಟ್ಟುಕೊಳ್ಳಿ.

ಕೃಷ್ಣಾ ತೀರದ ಅಕ್ಕಾ, ನಿಮಗೂ ಅದೇ. ಮೊದಲು ಆ ಹಾಳೆಯ ಪ್ರತಿ ಬೇಕು ಅಂತ ಠಾಣೆಗೆ ಅರ್ಜಿ ಕೊಡಿ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ, ₹10 ಶುಲ್ಕ, 30 ದಿನ. ಯಾವ ಕಲಂ ಕೆಳಗೆ ಕರೆಸಿದಿರಿ, ಠಾಣೆಯ ದಿನಚರಿಯಲ್ಲಿ ಅವತ್ತಿನ ನಮೂದು ಏನಿದೆ, ಈ ಎರಡನ್ನೇ ಕೇಳಿ. ಜಾಸ್ತಿ ಬರೆಯಬೇಡಿ. ಬೇಕಾದರೆ ಆಮೇಲೆ ಪೊಲೀಸ್ ದೂರು ಪ್ರಾಧಿಕಾರ ಇದೆ, ಮಾನವ ಹಕ್ಕು ಆಯೋಗ ಇದೆ. ಹೈಕೋರ್ಟ್ ಅಂದರೆ ಬಾಗಲಕೋಟೆಗೆ ಧಾರವಾಡ ಪೀಠ. ವಿಜಯಪುರದವರಿಗೆ ಕಲಬುರಗಿ.

ಕೃಷ್ಣಾ ತೀರ

ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ. ಎಲ್ಲರಿಗೂ ಕೈ ಮುಗಿಯುತ್ತೇನೆ.

ವಕೀಲರು ಬರೆದದ್ದನ್ನೆಲ್ಲ ಪ್ರಿಂಟ್ ತೆಗೆದು ತಮ್ಮನ ಮುಂದೆ ಇಟ್ಟೆ. ಎರಡು ದಿನ ಮುಟ್ಟಲಿಲ್ಲ. ಮೂರನೆಯ ದಿನ ರಾತ್ರಿ ಊಟ ಆದ ಮೇಲೆ, "ಟಿಳಕರಿಗೂ ಬರೆಸಿಕೊಳ್ಳಾಕ ನೋಡಿದ್ರಾ?" ಅಂತ ಕೇಳಿದ. ಅಷ್ಟೇ ಕೇಳಿದ್ದು. ಮರುದಿನ ನನ್ನ ಜೊತೆ ಠಾಣೆಗೆ ಬಂದ. ಅರ್ಜಿ ಕೊಟ್ಟೆವು. "ಅಂಥ ಹಾಳೆ ನಮ್ಮ ಕಡೆ ಯಾವುದೂ ಇಲ್ಲ" ಅಂದರು. ಹಾಗಂತ ಬರೆದುಕೊಡಿ ಅಂದೆ. ಬರೆದುಕೊಡಲಿಲ್ಲ. ಅರ್ಜಿಯ ನಮ್ಮ ಪ್ರತಿಗೆ ಸೀಲು ಹಾಕಿಕೊಟ್ಟರು, ಅದನ್ನು ಬಿಡದೆ ಕೇಳಿ ಹಾಕಿಸಿಕೊಂಡೆ. ಮಾಹಿತಿ ಹಕ್ಕಿನ ಅರ್ಜಿಯೂ ಹೋಗಿದೆ.

ಕಾಕಾ ಇನ್ನೂ ಗ್ರೂಪ್ ತೆರೆದಿಲ್ಲ. ಅವನಿಗೆ 63. ನಿಮ್ಮ ಮಾತು ಓದಿ ಹೇಳಿದೆ. "ಇರಲಿ ಬಿಡವ್ವಾ, ನೋಡೋಣ" ಅಂದ. ಒತ್ತಾಯ ಮಾಡಲಿಲ್ಲ.

ಖಣದ ಕುಪ್ಪಸ ಅಕ್ಕಾ, ನಿಮ್ಮ ಕೂಲಿಯ ವಿಡಿಯೋ ಫೋನಿನಲ್ಲಿ ಉಳಿದಿದ್ದರೆ ನನಗೆ ಕಳಿಸಿ. ನೋಡಬೇಕು.

ಖಣದ ಕುಪ್ಪಸ

ಉಳಿದಿದೆ. ಮಗನನ್ನು ಕೇಳಿ ಕಳಿಸುತ್ತೇನೆ.

ಕುಂದಾನಗರಿ ವಕೀಲ

ಸೀಲು ಹಾಕಿದ ಪ್ರತಿಯ ಎರಡು ಝೆರಾಕ್ಸ್ ತೆಗೆದಿಡಿ ಅಕ್ಕಾ. ಒಂದು ಮನೆಯಲ್ಲಿ, ಒಂದು ಅಂಗಡಿಯಲ್ಲಿ. 30 ದಿನ ಆದ ಮೇಲೆ ಉತ್ತರ ಬರಲಿ, ಬರದಿರಲಿ, ಇಲ್ಲಿ ತಿಳಿಸಿ. ಮೊದಲ ಮೇಲ್ಮನವಿಗೆ ಅಲ್ಲಿಂದ ಮತ್ತೆ 30 ದಿನ ಇರುತ್ತದೆ.